ಕ್ಲಾರಿಯ ಮೂಗು

ಕ್ವೀನ್ಸ್‌ಲ್ಯಾಂಡಿನ ಕುರಿಸೀಮೆಯಲ್ಲಿ ಡಿಂಗೊ ಎಂಬ ಕಾಡುನಾಯಿ ಹಿಡಿಯುವ ಕಸುಬಿನಲ್ಲೇ ನಲವತ್ತು ವರ್ಷ ಕಳೆದ ಕ್ಲಾರಿ ಪೆಂಗೆಲಿಗೆ ತನ್ನ ಮೂಗಿನ ಮೇಲೆ ಬಹಳ ಅಭಿಮಾನ. ನಾಯಿ ಕಾಲೆತ್ತಿದ ಪೊದೆಯ ಬುಡದ ಮಣ್ಣು ಮೂಸಿದರೆ ಸಾಕು, ಮುದಿಯೋ ಮರಿಯೋ ಹೇಳಿಬಿಡುತ್ತಿದ್ದ. ಸರಿಯೋ ತಪ್ಪೋ ನೋಡಲು ಬೇರೆ ಯಾರೂ ಮೂಸುತ್ತಿರಲಿಲ್ಲವಾದ್ದರಿಂದ ಅವನ ಮಾತೇ ಕೊನೆಯ ಮಾತು.

ಆ ಮೂಗಿಗೆ ಸವಾಲಾಗಿ ಬಂದದ್ದು ಮೊಂಡಗಾಲ. ಹಿಂದೊಮ್ಮೆ ಕ್ಲಾರಿ ಮಣ್ಣಲ್ಲಿ ಹೂತಿಡುವ, ಕಾಲಿಟ್ಟರೆ ಕಚ್ಚಿಹಿಡಿಯುವ ಉಕ್ಕಿನ ಬೋನಿಗೆ ಒಂದು ಬೆರಳು ಕೊಟ್ಟು ಪಾರಾಗಿದ್ದ ಗಂಡು ಡಿಂಗೊ. ಆರು ತಿಂಗಳಿಂದ ಕುರಿ ಕೊಲ್ಲುತ್ತಲೇ ಇತ್ತು. ಕುರಿಗಾರರು ಸಭೆ ಸೇರಿ, ಉಣ್ಣೆ ಕತ್ತರಿಸುವ ಕಾಲದೊಳಗೆ ಅದು ಸಿಗದಿದ್ದರೆ ವಿಮಾನದಿಂದ ವಿಷದ ಮಾಂಸ ಎಸೆಯುವುದೆಂದು ತೀರ್ಮಾನಿಸಿದರು. ಎಲ್ಲರೂ ತಲೆಯಾಡಿಸಿದರು. ಕ್ಲಾರಿ ಮಾತ್ರ ಕಾಲಬುಡದಲ್ಲಿ ಮಲಗಿದ್ದ ಬಿಡ್ಡಿಯನ್ನು ನೋಡಿದ. ನೆಲಕ್ಕೆ ಬಿದ್ದದ್ದೆಲ್ಲ ತನಗೇ ಎಂದು ನಂಬಿದ್ದ ಮುದಿ ಹೆಣ್ಣುನಾಯಿ. ಕಟ್ಟಿಹಾಕಿದರೆ ಹಗ್ಗ ಕಡಿದುಕೊಂಡು ಅವನ ಹಿಂದೆಯೇ ಬರುತ್ತಿತ್ತು.

ಅವನ ಬಳಿ ಒಂದು ಬಾಟಲಿ ಇತ್ತು. ಮೊಂಡಗಾಲ ಉಚ್ಚೆ ಹೊಯ್ದ ಮಣ್ಣನ್ನೇ ಕೆರೆದು ನೆನೆಹಾಕಿದ ರಸ. ಅದನ್ನು ಹೂತ ಬೋನಿನ ಬಳಿ ಚಿಮುಕಿಸುತ್ತಿದ್ದ. ಹೆಜ್ಜೆಗುರುತು ಅಲ್ಲಿಯವರೆಗೆ ಬಂದು, ನಿಲ್ಲದೆ ಮುಂದೆ ಹೋಗುತ್ತಿತ್ತು. ಬಲು ಜಾಣ ನಾಯಿ ಎಂದು ಕ್ಲಾರಿ ಊರಿಗೆಲ್ಲ ಹೇಳಿದ.

ಒಂದು ದಿನ ನೆರೆಯ ಕುರಿಗಾರ್ತಿ ಡಲ್ಸಿ ಅವನಲ್ಲಿ ಚಹಾ ಕುಡಿಯುತ್ತಾ ಬಿಡ್ಡಿಯನ್ನು ನೋಡುತ್ತಿದ್ದಳು. ಬಿಡ್ಡಿ ಬೆಳಿಗ್ಗೆ ತಾನೇ ನೆನೆಸಿದ್ದ ಪೊದೆಯನ್ನು ಒಂದು ಸಲ ಮೂಸಿ ಮುಂದೆ ಹೋಯಿತು. ಡಲ್ಸಿಯ ನಾಯಿ ನೆನೆಸಿದ್ದ ಟ್ರಕ್ಕಿನ ಚಕ್ರದ ಹತ್ತಿರ ಮಾತ್ರ ಅಲ್ಲಾಡದೆ ನಿಂತಿತು.

"ಬಾಟ್ಲೀಲಿ ಇರೋದು ಮೊಂಡಗಾಲಂದೇ ಅಲ್ವೇನೋ ಮಾರಾಯ?" ಎಂದಳು ಡಲ್ಸಿ. "ತನ್ನ ಮನೆ ಬಾಗಿಲು ತಾನೇ ತಟ್ಟಿ, ಒಳಗೆ ಯಾರಿದ್ದೀರಿ ಅಂತ ಯಾರಾದ್ರೂ ಕೇಳ್ತಾರಾ?"

ನಲವತ್ತು ವರ್ಷದ ಅನುಭವಕ್ಕೆ ಬುದ್ಧಿ ಹೇಳಲು ಬಂದಳಲ್ಲ ಎಂದು ಕ್ಲಾರಿ ಸಿಡುಕಿದ. ಮರುದಿನ ಬೆಳಿಗ್ಗೆ ತಟ್ಟೆ ಹಿಡಿದು ಬಿಡ್ಡಿಯ ಹಿಂದೆ ಹಿಂದೆ ಓಡಾಡಿದ.

ಬಿಡ್ಡಿಯ ಕಾಣಿಕೆಗೆ ಮೊಂಡಗಾಲ ನಿಂತಿತು. ಬೋನಿನ ಸುತ್ತ ಹತ್ತು ಪ್ರದಕ್ಷಿಣೆಯ ಗುರುತಿತ್ತು, ಆದರೆ ಎಲ್ಲವೂ ಒಂದು ಮಾರು ದೂರದಲ್ಲಿ. ಮನುಷ್ಯರ ವಾಸನೆ ಹೋಗಲೆಂದು ಬೋನನ್ನು ನೀಲಗಿರಿ ಎಲೆ ಹಾಕಿ ಕುದಿಸಿದ್ದೇನಲ್ಲ ಎಂದು ಕ್ಲಾರಿ ಗೋಳಾಡಿದ. ಹೂತ ಮೇಲೆ ಮುಚ್ಚುವ ನುಣ್ಣನೆಯ ಮಣ್ಣನ್ನು ಅವನು ತನ್ನ ಟೋಪಿಯಲ್ಲಿ ತುಂಬಿ ತರುತ್ತಿದ್ದ.

"ಬೋನು ಕುದಿಸ್ದೆ, ಸರಿ. ಟೋಪಿ ಯಾವಾಗ ಕುದಿಸ್ತೀಯ?" ಎಂದಳು ಡಲ್ಸಿ.

ಕ್ಲಾರಿ ಟೋಪಿಯನ್ನು ಮೂಗಿಗೊತ್ತಿ ದೀರ್ಘವಾಗಿ ಮೂಸಿದ. ಏನೂ ವಾಸನೆ ಇಲ್ಲವೆಂದ. ತನ್ನೆಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದೆಲೆಯ ನೊಣ ಓಡಿಸುವ ಮೂಗು ಅದು.

ಮುಂದಿನ ಸಲ ಬೋನು ಹೂತವಳು ಡಲ್ಸಿ, ಮಣ್ಣು ತಂದದ್ದು ತೊಳೆದ ತಗಡಿನ ಡಬ್ಬಿಯಲ್ಲಿ. ಕ್ಲಾರಿಯನ್ನು ಹತ್ತಿರ ಸೇರಿಸಲಿಲ್ಲ. ಎರಡನೆಯ ಬೆಳಿಗ್ಗೆ ಮೊಂಡಗಾಲ ಸಿಕ್ಕಿತ್ತು. ಬಂದೂಕು ಎತ್ತುವಾಗ ಕ್ಲಾರಿಗೆ ಪಾಪ ಅನ್ನಿಸಿತು. ಬಿಡ್ಡಿಯನ್ನು ನೆನೆದು ಗುಂಡು ಹಾರಿಸಿದ.

ವಿಮಾನ ಬರಲಿಲ್ಲ. ಸಭೆಯಲ್ಲಿ ಕ್ಲಾರಿಯ ಮೂಗಿಗೆ ಚಪ್ಪಾಳೆಯಾಯಿತು. ಅವನು ಡಲ್ಸಿಯ ಕಡೆ ನೋಡಿದ, ಅವಳು ಛಾವಣಿ ನೋಡುತ್ತಿದ್ದಳು. ಬಂದ ಚಪ್ಪಾಳೆಯನ್ನು ಅವನೂ ಬೇಡವೆನ್ನಲಿಲ್ಲ.

ಹೊರಗೆ ಬಂದಮೇಲೆ ಮೆಲ್ಲಗೆ ಕೇಳಿದ: "ನಿಜ ಹೇಳು, ಅಷ್ಟು ನಾರ್ತೀನಾ?"

"ನನ್ನನ್ನೇನು ಕೇಳ್ತೀಯ? ಅವಳನ್ನ ಕೇಳು."

ಟ್ರಕ್ಕಿನ ಸೀಟಿನ ಮೇಲೆ ಬಿಡ್ಡಿ ಅವನ ಟೋಪಿಯೊಳಗೆ ಮೂತಿ ತೂರಿಸಿಕೊಂಡು ಗಾಢ ನಿದ್ದೆಯಲ್ಲಿತ್ತು.