ಎನ್.ಜಿ. ಆದ ತುಂಡು

"ಎನ್.ಜಿ.!" ಎಂದು ಯಾರೋ ಕೂಗಿದರು. "ಬಂದೆ ಸಾರ್" ಎಂದು ದೀಪಗಳ ನಡುವೆ ಓಡಿದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಮದರಾಸಿನ ಕೋಡಂಬಾಕ್ಕಂನ ಸ್ಟುಡಿಯೋದಲ್ಲಿ ಅದು ನನ್ನ ಮೊದಲ ದಿನ. ನಾಗಮಂಗಲದ ಶಾಲೆಯಲ್ಲಿ ಮೇಷ್ಟ್ರು ನನ್ನನ್ನು ಕರೆಯುತ್ತಿದ್ದುದೇ ಹಾಗೆ. ಎನ್ ನಮ್ಮೂರು, ಜಿ ನಮ್ಮಪ್ಪ ಗುಂಡಪ್ಪ. ಇಲ್ಲಿ ಅದು 'ನೋ ಗುಡ್'. ಕೆಟ್ಟ ಶಾಟು, ಬಿಸಾಡು ಎಂದರ್ಥ. ಪಕ್ಕದ ಮನೆಯ ರೈಲ್ವೆ ಗುಮಾಸ್ತರಿಗೆ ಎನ್.ಜಿ. ಎಂದರೆ ನ್ಯಾರೋ ಗೇಜ್, ಕಿರಿದಾದ ಹಳಿ. ಹೆಸರಿನ ಮುಂದೆ ಮದರಾಸಿನವರು ಅಪ್ಪನ ಅಕ್ಷರವೊಂದನ್ನೇ ಇಡುತ್ತಾರೆ. ಹಾಜರಿ ಪುಸ್ತಕದಲ್ಲಿ ನಾನು ಜಿ. ಶಂಕರನಾದೆ. ಊರು ಉದುರಿಹೋಯಿತು.

ಅಡುಗೆ ಮಾಡಿಹಾಕಲು ತಂಗಿ ಲಲಿತೆಯೂ ಬಂದಿದ್ದಳು. ಒಂದೇ ಕೋಣೆ, ಉಪ್ಪುನೀರಿನ ಬಾವಿ, ಮುದ್ದೆಯಿಲ್ಲದ ಊಟ. "ಯಾಕಣ್ಣಾ ಈ ಸುಡುಗಾಡಿಗ್ ಕರ್ಕಂಡ್ ಬಂದೆ?" ಎಂದು ರೇಗುತ್ತಿದ್ದವಳು ಆರೇ ತಿಂಗಳಲ್ಲಿ ನೀರಿನ ಸಾಲಿನಲ್ಲಿ ತಮಿಳಿನಲ್ಲೇ ಜಗಳಕ್ಕೆ ನಿಂತಳು.

ನಮ್ಮ ಸ್ಟುಡಿಯೋದಲ್ಲೇ ತೆಗೆಯುತ್ತಿದ್ದ ಒಂದು ಕನ್ನಡ ಚಿತ್ರದಲ್ಲಿ ಅವಳಿಗೆ ನಾಯಕನ ತಂಗಿಯ ಪಾತ್ರ ಸಿಕ್ಕಿತು. ಇದ್ದದ್ದು ಒಂದೇ ಮಾತು: "ಅಣ್ಣಾ, ಊಟಕ್ಕೆ ಬಾ." ನಾಯಕನನ್ನು ನೋಡಿ ಹೇಳಬೇಕಿತ್ತು. ಅವಳು ಕ್ಯಾಮೆರಾ ಪಕ್ಕದಲ್ಲಿದ್ದ ನನ್ನನ್ನು ನೋಡಿ ಹೇಳಿದಳು. ಎರಡನೆಯ ಸಲವೂ ಅದೇ. ಯಾವ ಶಾಟು ಸರಿ, ಯಾವುದು ಕೆಟ್ಟಿತು ಎಂದು ಬರೆದಿಡುವುದು ನನ್ನ ಕೆಲಸ. ನನ್ನ ಕೈಯಾರೆ 'ಎನ್.ಜಿ.' ಎಂದು ಬರೆದೆ. ಪಾತ್ರವನ್ನು ಬೇರೆ ಹುಡುಗಿಗೆ ಕೊಟ್ಟರು.

"ಅಣ್ಣಾ ಅಂದೇಟ್ಗೆ ನಿನ್ ಕಡೀಕೇ ಕಣ್ ಹೋಯ್ತದೆ, ನಾನೇನ್ ಮಾಡ್ಲಿ?" ಎಂದು ಅತ್ತಳು. ಮಾನ ಕಳೆದೆ ಎಂದು ಬೈದೆ, ಪಾಪಿ ನಾನು.

ಮಳೆಗಾಲದಲ್ಲಿ ಅವಳಿಗೆ ಟೈಫಾಯಿಡ್ ಬಂತು. ಹನ್ನೆರಡನೆಯ ದಿನ ಹೋಗಿಬಿಟ್ಟಳು. ಮದರಾಸಿನಲ್ಲೇ ಮಣ್ಣು ಮಾಡಿದೆ. ಅವಳದೊಂದು ಫೋಟೋ ಕೂಡ ಇರಲಿಲ್ಲ. ಆಗ ಆ ಫಿಲ್ಮಿನ ತುಂಡು ನೆನಪಾಗಿ ಎಡಿಟಿಂಗ್ ಕೋಣೆಗೆ ಓಡಿದೆ. ಎನ್.ಜಿ. ತುಂಡುಗಳನ್ನು ಗೋಣಿಚೀಲಕ್ಕೆ ತುಂಬಿ, ಫಿಲ್ಮು ಕರಗಿಸಿ ಬಳೆ ಮಾಡುವವರಿಗೆ ಮಾರುವುದು ಅಲ್ಲಿಯ ವಾಡಿಕೆ. "ಎಲ್ಲಾಂ ಪೋಯಾಚ್ಚು, ತಂಬಿ" ಎಂದರು ಅಲ್ಲಿದ್ದ ಹಿರಿಯರು. ಎಲ್ಲ ಹೋಯಿತು ತಮ್ಮಾ, ಎಂದು. ಬಳೆಯವನ ಶೆಡ್ಡಿಗೂ ಹೋದೆ. ಚಿತ್ರ ಅಳಿಸುವಂತೆ ತೊಳೆದ ಫಿಲ್ಮು ಬಿಸಿಲಿಗೆ ನೇತಾಡುತ್ತಿತ್ತು. ಒಂದರಲ್ಲೂ ಮುಖವಿರಲಿಲ್ಲ.

ಚಿತ್ರ ನಾಗಮಂಗಲದ ಟೆಂಟಿಗೆ ಬಂದಾಗ ರಜೆ ಹಾಕಿ ಹೋದೆ. ಪಾತ್ರ ಸಿಕ್ಕಿದ ಸಂಭ್ರಮದಲ್ಲಿ ಲಲಿತೆ ಅವ್ವನಿಗೆ ಕಾಗದ ಹಾಕಿದ್ದಳು; ಅವಳು ತೀರಿಕೊಂಡದ್ದನ್ನು ಬರೆದಿದ್ದೆ, ಪಾತ್ರ ಕೈತಪ್ಪಿದ್ದನ್ನು ಬರೆಯಲು ನನಗೆ ಕೈ ಬಂದಿರಲಿಲ್ಲ. ಕಣ್ಣು ಮಂಜಾಗಿದ್ದ ಅವ್ವನನ್ನು ಟೆಂಟಿಗೆ ಕರೆದುಕೊಂಡು ಹೋದೆ. ಪರದೆಯ ಮೇಲೆ ಆ ಬೇರೆ ಹುಡುಗಿ "ಅಣ್ಣಾ, ಊಟಕ್ಕೆ ಬಾ" ಎಂದಳು.

"ಇವ್ಳೇನ್ಲಾ?" ಅವ್ವ ನನ್ನ ಕೈ ಹಿಡಿದಳು.

"ಹೂಂ ಕಣವ್ವಾ, ಇವ್ಳೇ."

"ದನಿ ಬದ್ಲಾಗದೆ. ಮದ್ರಾಸ್ ನೀರು" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಊರಿನವರಿಗೆ ಈಗ ನಾನು ಮದರಾಸಿನವನು. ಮದರಾಸಿನವರಿಗೆ ಊರಿನ ಅಕ್ಷರವಿಲ್ಲದ ಜಿ. ಶಂಕರ. ತಂಗಿ ಅಲ್ಲಿಯ ಮಣ್ಣಿನಲ್ಲಿ, ಅವ್ವ ಇಲ್ಲಿ. ಬೆಳಿಗ್ಗೆ ಬಸ್ಸಿಗೆ ಹೊರಟವನನ್ನು ಅವ್ವ ಬಾಗಿಲಲ್ಲೇ ತಡೆದಳು.

"ನಾಳೀಕ್ ಹೋಗೀಯಂತೆ ಇರ್ಲಾ. ಇನ್ನೊಂದ್ ಕಿತ ಅವಳ್ನ ತೋರ್ಸು."

ಅಂದೂ ಹೋಗಿ ಆ ಹುಡುಗಿಯನ್ನೇ ತೋರಿಸಿದೆ.