ಬಂಗಲೆಯಮ್ಮನ ಬ್ರೆಡ್ಡು

ಎಂಬತ್ತರ ದಶಕದಲ್ಲಿ, ನಾನು ಸೂಲೂರಿನ ಮಗ್ಗದ ಮನೆಗೆ ಹೊಸ ಸೊಸೆ. ಪಕ್ಕದ ಮನೆಯಾಕೆ ವಾಲ್ಪಾರೈ ಟೀ ಎಸ್ಟೇಟಿನ ಸಾಹೇಬರ ಬಂಗಲೆಯಲ್ಲಿ ಬಹುಕಾಲ ಅಡುಗೆ ಮಾಡಿ ಬಂದವರು. ಬೀದಿಗೆಲ್ಲ ಅವರು ಬಂಗಲೆಯಮ್ಮ.

ಬ್ರೆಡ್ಡಿಗೆಂದು ಮೈದಾ ನಾದಿ ಮಡಕೆಯಲ್ಲಿಟ್ಟು, ಒದ್ದೆ ಬಟ್ಟೆ ಮುಚ್ಚಿ, ಮಡಕೆಗೆ ಕಿವಿಯಾನಿಸಿ ಕೂರುತ್ತಿದ್ದರು. ನಾನು ಇಣುಕಿದರೆ, "ಮೆಲ್ಲಗೆ ಅಮ್ಮಣಿ, ಉಸಿರಾಡ್ತಾ ಐತೆ" ಅನ್ನುತ್ತಿದ್ದರು. ಆ ಮಧ್ಯಾಹ್ನಗಳಲ್ಲಿ ಮಗ್ಗಗಳ ಸದ್ದು ದೂರ ಸರಿದು, ಹಿಟ್ಟು ಉಬ್ಬುವುದು ನನಗೂ ಕೇಳಿಸಿದಂತಾಗುತ್ತಿತ್ತು.

ಉಬ್ಬಲು ಅವರು ಬೆರೆಸುತ್ತಿದ್ದುದು ಒಂದು ಲೋಟ ತೆಂಗಿನ ಕಳ್ಳು. ಅದು ನಮ್ಮಿಬ್ಬರ ಗುಟ್ಟು. ನಮ್ಮತ್ತೆಯೋ, ಕಳ್ಳಿನಂಗಡಿಯ ಬೀದಿಯಲ್ಲಿ ನಡೆದು ಬಂದವರನ್ನೂ ಕಾಲು ತೊಳೆಸಿಯೇ ಒಳಗೆ ಬಿಡುವವರು.

ಒಮ್ಮೆ ಅತ್ತೆ ಜ್ವರದಲ್ಲಿ ಮೂರು ದಿನ ಏನೂ ತಿನ್ನಲಿಲ್ಲ. ಡಾಕ್ಟರು ಬ್ರೆಡ್ ಕೊಡಿ ಅಂದರು. ಅಂಗಡಿಯದನ್ನು ಅತ್ತೆ ಮುಟ್ಟಲೇ ಇಲ್ಲ. ನನಗೆ ಭಯ ಹತ್ತಿತು. ಸುದ್ದಿ ಕೇಳಿದ ಬಂಗಲೆಯಮ್ಮ ಹಂಡೆಯೊಳಗೆ ಮರಳು ಹಾಸಿ, ಮುಚ್ಚಳದ ಮೇಲೆ ಕೆಂಡ ಸುರಿದು, ಬ್ರೆಡ್ ಬೇಯಿಸಿ ಬಿಸಿಬಿಸಿ ತಂದರು. ಅತ್ತೆ ಹಾಲಿನಲ್ಲಿ ಅದ್ದಿ ಒಂದು ತುಂಡು ತಿಂದರು, ಇನ್ನೊಂದನ್ನು ಮೂಗಿನ ಹತ್ತಿರ ಹಿಡಿದರು.

"ಏನೇ ಹಾಕಿದ್ದೀ ಇದಕ್ಕೆ?"

ಬಂಗಲೆಯಮ್ಮ ಸೆರಗಿಗೆ ಕೈ ಒರೆಸಿಕೊಂಡು, "ಹೇಳಿದ್ರೆ ನೀನು ತಿನ್ನಲ್ಲ ಅಕ್ಕಾ. ಮೊದ್ಲು ತಿನ್ನು, ಆಮೇಲೆ ಬೈಯುವಂತೆ" ಎಂದರು.

ಅತ್ತೆ ಆ ತುಂಡನ್ನು ಮತ್ತೊಮ್ಮೆ ಮೂಸಿ ಬಾಯಿಗಿಟ್ಟುಕೊಂಡರು.

"ನಮ್ಮಪ್ಪ ಸಾಯಂಕಾಲ ಮನೆಗೆ ಬಂದ್ರೆ ಇದೇ ವಾಸನೆ" ಎಂದರು. ಆಮೇಲೆ ತಟ್ಟೆಯನ್ನು ಮುಂದಕ್ಕೆ ತಳ್ಳಿದರು. "ಹೇಳ್ಬೇಡ. ಇನ್ನೊಂದು ತುಂಡು ಹಾಕು."