ಕಾದಾಗ ಏಳದ ಕಾರು

ಮೊನ್ನೆ ಟ್ಯಾಂಕಿಗೆ ನೀರೆತ್ತುವ ಮೋಟಾರು ರಿಪೇರಿಯಾಗಿ ಬಂತು. ಹಸಿ ವಾರ್ನಿಷ್ ವಾಸನೆ ಘಂ ಅಂತ ಹೊಡೆಯುತ್ತಿತ್ತು. ಮನೆಯವರೆಲ್ಲ ಮೂಗು ಮುಚ್ಚಿಕೊಂಡರೆ ನಾನು ಹತ್ತಿರ ಹೋಗಿ ನಿಂತೆ. ಸೇಡಂನಲ್ಲಿ ಫರಸಿ ಕಲ್ಲಿನ ಪಾಲಿಶ್ ಮಷಿನ್ನುಗಳ ಮೋಟಾರಿಗೆ ತಂತಿ ಸುತ್ತುತ್ತಿದ್ದ, ಊರೆಲ್ಲ ಕಾಕಾ ಎಂದೇ ಕರೆಯುತ್ತಿದ್ದವರ ಅಂಗಡಿಗೂ ಇದೇ ವಾಸನೆಯಿತ್ತು…

ಆಗ ನಾನು ಅಲ್ಲಿ ದನಗಳ ಡಾಕ್ಟರ್. ಬಸ್ಸು ಕಾಯುವುದು ಸಾಕಾಗಿ ಹಳೆಯ ಪೆಟ್ರೋಲ್ ಕಾರೊಂದನ್ನು ಕೊಂಡಿದ್ದೆ. ಬೆಳಿಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತಿತ್ತು. ಊರಿಂದೂರಿಗೆ ಓಡಿಸಿ, ಎಮ್ಮೆಗೊಂದು ಸೂಜಿ ಚುಚ್ಚಿ ಹೊರಬರುವಷ್ಟರಲ್ಲಿ ಅದಕ್ಕೇನಾಗುತ್ತಿತ್ತೋ… ಕೀ ತಿರುಗಿಸಿದರೆ ಬರೀ ಗೊರಗೊರ. ನಾಲ್ಕು ಜನ ತಳ್ಳಿದರೂ ಅಷ್ಟೇ. ಗ್ಯಾರೇಜಿನವರು ಪ್ಲಗ್ಗು, ಬ್ಯಾಟರಿ ಬದಲಿಸಿದರು. ಅಲ್ಲಿ ಸರದಿ ಬರುವತನಕ ತಾಸುಗಟ್ಟಲೆ ನಿಂತ ಕಾರು, ಅವರು ಕೀ ಮುಟ್ಟಿದೊಡನೆ ಎದ್ದು ನನ್ನ ಮರ್ಯಾದೆ ತೆಗೆಯುತ್ತಿತ್ತು. "ಓಡಿಸಲಿಕ್ಕೂ ಬರಬೇಕ್ರಿ ಮೇಡಂ," ಎಂದು ನಕ್ಕರು. ಮೈಯೆಲ್ಲ ಉರಿಯಿತು.

ನಗು ಹೋಗಲಿ. ಒಂದು ಮಧ್ಯಾಹ್ನ ಕೋಡ್ಲಾದಲ್ಲಿ ಆಡುಗಳನ್ನು ನೋಡುತ್ತಿದ್ದಾಗ ಆಡಕಿಯಿಂದ ಫೋನು ಬಂತು. ಎಮ್ಮೆಯ ಹೊಟ್ಟೆಯಲ್ಲಿ ಕರು ಅಡ್ಡ ಸಿಕ್ಕಿತ್ತು. ಕಾರು ಏಳಲಿಲ್ಲ. ನಾನು ಹೇಗೋ ಮುಟ್ಟುವಷ್ಟರಲ್ಲಿ ಎಮ್ಮೆ, ಕರು ಎರಡೂ ಹೋಗಿದ್ದವು. ಎಮ್ಮೆಯ ಮನೆಯವರು ಆದರೂ ನನಗೆ ಕುಡಿಯಲು ನೀರು ತಂದಿಟ್ಟರು. ಅದನ್ನೇ ನನಗೆ ತಡೆಯಲಾಗಲಿಲ್ಲ. ಇನ್ನೊಂದು ಜೀವ ಹೀಗೆ ಹೋದರೆ ಈ ನೌಕರಿಯೇ ಬೇಡ ಎಂದುಕೊಂಡೆ.

ಕೆಟ್ಟ ಫ್ಯಾನು ಕೊಡಲು ಹೋದಾಗ ಕಾಕಾರೆದುರು ಇದನ್ನೆಲ್ಲ ತೋಡಿಕೊಂಡೆ. ಅವರು ತಂತಿ ಸುತ್ತುತ್ತಲೇ ಕೇಳಿದರು:

"ಯಾರ ಮನಿಯಿಂದ ಹೊಂಟಾಗ ಚಾಲೂ ಆಗ್ತದ್ರಿ, ಡಾಕ್ಟರಮ್ಮಾ?"

ಯೋಚಿಸಿ ನೋಡಿದೆ. "ಚಹಾ ಮಾಡಿ ಕೂಡಿಸ್ಕೊಂಡವರ ಮನಿಯಿಂದ್ರಿ," ಎಂದು ನಾನೇ ನಕ್ಕೆ. ಅವರು ನಗಲಿಲ್ಲ.

"ಕೋಡ್ಲಾ ತನಕ ಹೋಗಿ ಬರ್ರಿ. ಬಂದ ಮ್ಯಾಲ ಚಹಾ ಕೇಳಬ್ಯಾಡ್ರಿ."

ಬಂದು ಎಂಜಿನ್ ಆರಿಸಿದೆ. ಒಳಗಿನ ಕಾವು ಆರದಿರಲೆಂದು ಕಾಕಾ ಬಾನೆಟ್ ಮುಚ್ಚಿಟ್ಟೇ ಹತ್ತು ನಿಮಿಷ ಕಾದರು. ಆಮೇಲೆ ಕೀ ತಿರುಗಿಸಿದರೆ ಅದೇ ಗೊರಗೊರ. ಕೊನೆಗೂ ಬಲ್ಲವರೊಬ್ಬರ ಮುಂದೆ ಕೆಟ್ಟಿತಲ್ಲ ಎಂದು ನನಗೆ ಕುಣಿಯುವಷ್ಟು ಖುಷಿ! ಕಾಕಾ ಬಾನೆಟ್ ಎತ್ತಿ, ಪ್ಲಗ್ಗಿಗೆ ಕಿಡಿ ಕೊಡುವ ಕಾಯಿಲಿನ ಮೈಗೆ ಹಿಂಡಿದ ಒದ್ದೆ ಬಟ್ಟೆ ಸುತ್ತಿದರು. ಬಟ್ಟೆ ಬಿಸಿಯಾದಂತೆ ಬದಲಿಸಿದರು. "ಈಗ ಹೊಡೀರಿ," ಅಂದರು. ಒಂದೇ ಸಲಕ್ಕೆ ಎದ್ದಿತು!

"ಒಳಗಿನ ತಂತಿ ಕಾದಾಗ ಬಿಡ್ತದ, ತಣ್ಣಗಾದಾಗ ಕೂಡ್ತದ. ಮೋಟಾರಿನ್ಯಾಗ ನಾ ದಿನಾ ಇದನ್ನೇ ನೋಡಾಕತ್ತೀನಿ. ಹೊಸಾ ಕಾಯಿಲ್ ಹಾಕಸ್ರಿ."

ಹಾಕಿಸಿದ ವಾರದೊಳಗೇ ಕಾಳಗಿಯಿಂದ ಅಂಥದೇ ಕರೆ. ಆಗಲೂ ನಾನು ಬೇರೊಂದು ಹಳ್ಳಿಯಲ್ಲಿದ್ದೆ, ಎಂಜಿನ್ ಕೈ ಇಡಲಾಗದಷ್ಟು ಕಾದಿತ್ತು. ಕೀ ತಿರುಗಿಸಿದೆ. ಎದ್ದಿತು. ಕಾಳಗಿಯಲ್ಲಿ ತೋಳು ಪೂರ್ತಿ ಒಳಗೆ ಹಾಕಿ, ಅಡ್ಡಬಿದ್ದ ಕರುವನ್ನು ತಿರುಗಿಸಿ ಎಳೆದೆ. ಹೆಣ್ಣುಗರು! ಸೀನಿತು, ತಲೆ ಕೊಡವಿತು, ತಡವರಿಸುತ್ತ ಎದ್ದು ನಿಂತಿತು. ಅಷ್ಟು ಜನರ ನಡುವೆ ನಾನು ಜೋರಾಗಿ ಚಪ್ಪಾಳೆ ತಟ್ಟಿಬಿಟ್ಟೆ. ವಾಪಸು ಬರುವಾಗ ಅಂಗಡಿಯೆದುರು ಕಾರು ನಿಲ್ಲಿಸಿ, ಒಳಗಿಂದಲೇ ಕೂಗಿ ಹೇಳಿದೆ.

"ಹಂಗಾದ್ರ ಅದರಾಗ ಅರ್ಧಾ ಪಾಲು ನಂದು," ಎಂದು ಕಾಕಾ ನಕ್ಕರು. ಅವರು ನಕ್ಕಿದ್ದನ್ನು ನಾನು ಅಂದೇ ನೋಡಿದ್ದು.

ಆಮೇಲೆ ನನಗೆ ವರ್ಗವಾಯಿತು. ಕಾಕಾ ತೀರಿಕೊಂಡ ಸುದ್ದಿ ತಡವಾಗಿ ತಲುಪಿತು, ಹೋಗಲಾಗಲಿಲ್ಲ… ಆ ವಾರ್ನಿಷ್ ವಾಸನೆ ಬಂದ ಮರುದಿನ ಮನಸ್ಸು ತಡೆಯದೆ ಸೇಡಂಗೆ, ಅವರ ಮನೆಗೆ ಹೋದೆ. ಅವರ ಹೆಂಡತಿ ನನ್ನ ಗುರುತು ಹಿಡಿದರು.

"ಕುಂದ್ರಿ. ಕಾಳಗ್ಯಾಗ ನಮ್ಮದೊಂದು ಎಮ್ಮಿ ಅದ ಅಂತ ಬಂದವರಿಗೆಲ್ಲಾ ಹೇಳ್ತಿದ್ರು. ಖರೇ ಏನ್ರಿ?"

"ಖರೇ ರೀ ಕಾಕು. ಭಾಳ ಹಾಲು ಕೊಡೋ ಎಮ್ಮಿ. ಆರು ಸಲ ಈದಿತ್ತು ಅಂತ ಆ ಮನಿಯವ್ರು ಫೋನ್ ಮಾಡಿ ಹೇಳಿದ್ರು."

ಅದನ್ನು ಕಾಕಾರಿಗೆ ಹೇಳಬೇಕಿತ್ತು. ಒಂದು ದಿನ ಕಾರಿನಲ್ಲಿ ಪಕ್ಕಕ್ಕೆ ಕೂಡಿಸಿಕೊಂಡು ಕಾಳಗಿಗೆ ಹೋಗಿ ತೋರಿಸಬೇಕಿತ್ತು. ಆಗ ಕಾರು ಚೆನ್ನಾಗಿಯೇ ಓಡುತ್ತಿತ್ತು.